ಉದ್ಯೋಗ ಅರ್ಜಿಗಳ ಲೆಕ್ಕ ಇಡಲು ಎಕ್ಸೆಲ್ ಸಾಕೇ? ಏನನ್ನು ಬರೆದಿಡಬೇಕು, ಏನನ್ನು ಬಿಡಬೇಕು?

ಪ್ರಶ್ನೆ ಕೇಳಿದವರು: ಹೊಸದಾರಿ

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳುಗಳಿಂದ ದತ್ತಾಂಶ ವಿಶ್ಲೇಷಣೆಗೆ ಸಂಬಂಧಿಸಿದ ಹುದ್ದೆಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಅರ್ಜಿಗಳೆಲ್ಲ ಒಂದೇ ದಾರಿಯಲ್ಲಿ ಹೋಗುತ್ತಿಲ್ಲ. ಕೆಲವು ಕಂಪನಿಯ ಸ್ವಂತ ಜಾಲತಾಣದ ಮೂಲಕ, ಕೆಲವು ಲಿಂಕ್ಡ್‌ಇನ್ ಮೂಲಕ, ಕೆಲವು ನೇಮಕಾತಿ ಏಜೆನ್ಸಿಗಳ ಮೂಲಕ ಹೋಗುತ್ತವೆ. ಇನ್ನು ಕೆಲವು ಕಡೆ ಪರಿಚಯದವರೇ ನನ್ನ ರೆಸ್ಯೂಮೆಯನ್ನು ಒಳಗೆ ತಲುಪಿಸಿದ್ದಾರೆ. ಇವೆಲ್ಲವನ್ನೂ ಒಂದೆಡೆ ಬರೆದಿಡಬೇಕೆಂದು ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಅದರಲ್ಲಿ ಕಂಪನಿಯ ಹೆಸರಿನಿಂದ ಹಿಡಿದು ಅದರ ಸಿಬ್ಬಂದಿ ಸಂಖ್ಯೆ, ಕಚೇರಿಯ ವಿಳಾಸ, ನನ್ನ ಆಸಕ್ತಿಯ ಮಟ್ಟದವರೆಗೆ ಹಲವಾರು ಕಾಲಂಗಳಿವೆ. ಆದರೆ ಅರ್ಧಕ್ಕರ್ಧ ಖಾಲಿಯೇ ಉಳಿಯುತ್ತಿವೆ. ತುಂಬಿದ ಕಾಲಂಗಳೂ ಬೇಕಾದ ಹೊತ್ತಿಗೆ ನೆರವಿಗೆ ಬರುತ್ತಿಲ್ಲ.

ಉದಾಹರಣೆಗೆ, ಇತ್ತೀಚೆಗೆ ಒಂದು ಕಂಪನಿಯಿಂದ ಕರೆ ಬಂದು, ಮರುದಿನವೇ ಮಾತನಾಡಲು ಸಾಧ್ಯವೇ ಎಂದು ಕೇಳಿದರು. ಪಟ್ಟಿಯಲ್ಲಿ ಆ ಹುದ್ದೆಯ ಕೊಂಡಿ ಇತ್ತು, ಅದನ್ನು ತೆರೆದರೆ ಪ್ರಕಟಣೆಯನ್ನು ತೆಗೆದುಹಾಕಲಾಗಿದೆ ಎಂಬ ಒಂದು ಸಾಲು ಮಾತ್ರ ಕಾಣಿಸಿತು. ಆ ಹುದ್ದೆಗೆ ಅವರು ಏನೇನು ಕೇಳಿದ್ದರು ಎಂಬುದನ್ನು ಓದಿಕೊಳ್ಳಲು ಬೇರೆ ದಾರಿಯೇ ಇರಲಿಲ್ಲ.

ಆದ್ದರಿಂದ ಅನುಭವವುಳ್ಳವರನ್ನು ಕೇಳುತ್ತಿದ್ದೇನೆ. ನಿಜಕ್ಕೂ ಬರೆದಿಡಬೇಕಾದ ವಿವರಗಳು ಯಾವುವು? ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಸಾಕೇ, ಅಥವಾ ಟ್ರೆಲ್ಲೊ, ನೋಷನ್‌ನಂತಹ ಸಾಧನಗಳಿಗೆ ಹೋಗಬೇಕೇ? ಯಾವ ಉತ್ತರವೂ ಬಾರದ ಅರ್ಜಿಗಳನ್ನು ಎಷ್ಟು ಕಾಲ ‘ಬಾಕಿ’ ಎಂದು ಇಟ್ಟುಕೊಳ್ಳಬೇಕು?

ಉತ್ತರ: ಸಾಲುಪಟ್ಟಿ

ಸಾಧನದ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ನಿಮಗೆ ಎಕ್ಸೆಲ್ ಕೈಹಿಡಿದಿದೆ, ಅದೇ ಇರಲಿ. ಹೊಸ ಸಾಧನವನ್ನು ಕಲಿತು, ಬಣ್ಣ ಬಳಿದು, ಹಳೆಯ ಪಟ್ಟಿಯನ್ನು ಅದಕ್ಕೆ ಸಾಗಿಸುವ ಕೆಲಸವು ಉದ್ಯೋಗ ಹುಡುಕಾಟದಂತೆಯೇ ಕಾಣುತ್ತದೆಯಾದರೂ ಅದರಿಂದ ಒಂದು ಅರ್ಜಿಯೂ ಮುಂದೆ ಹೋಗುವುದಿಲ್ಲ.

ಇನ್ನು ಕಾಲಂಗಳ ವಿಚಾರ. ನಿಮ್ಮ ಪಟ್ಟಿ ಈಗ ಕಂಪನಿಗಳ ಬಗ್ಗೆ ಮಾಹಿತಿ ಸಂಗ್ರಹಿಸುತ್ತಿದೆ. ಅದು ಮಾಡಬೇಕಾದ ಕೆಲಸ ಎರಡೇ: ಬೆಳಿಗ್ಗೆ ತೆರೆದಾಗ ‘ಇಂದು ಯಾರಿಗೆ ಬರೆಯಬೇಕು, ಏನು ಕಳುಹಿಸಬೇಕು’ ಎಂದು ಹೇಳುವುದು, ಮತ್ತು ಫೋನ್ ಬಂದಾಗ ‘ಇವರು ಯಾರು, ನಾನು ಇವರಿಗೆ ಏನು ಹೇಳಿದ್ದೇನೆ’ ಎಂದು ಕೂಡಲೇ ತೋರಿಸುವುದು. ಈ ಎರಡಕ್ಕೂ ಉಪಯೋಗವಿಲ್ಲದ ಕಾಲಂ ಎಷ್ಟೇ ಆಕರ್ಷಕವಾಗಿದ್ದರೂ ತೆಗೆದುಬಿಡಿ. ಸಿಬ್ಬಂದಿ ಸಂಖ್ಯೆ, ವಿಳಾಸ, ಆಸಕ್ತಿಯ ಮಟ್ಟ ಇವೆಲ್ಲ ಸಂದರ್ಶನ ನಿಗದಿಯಾದ ಮೇಲೆ ಐದು ನಿಮಿಷದಲ್ಲಿ ಹುಡುಕಿಕೊಳ್ಳಬಹುದಾದ ಸಂಗತಿಗಳು.

ನನ್ನ ಪಟ್ಟಿಯಲ್ಲಿ ಉಳಿದುಕೊಂಡಿರುವುದು ಕಂಪನಿಯ ಹೆಸರು, ಪ್ರಕಟಣೆಯಲ್ಲಿದ್ದಂತೆಯೇ ಹುದ್ದೆಯ ಹೆಸರು, ಅರ್ಜಿ ಹಾಕಿದ ದಿನಾಂಕ, ಯಾವ ದಾರಿಯಿಂದ ಹೋಯಿತು, ಯಾವ ರೆಸ್ಯೂಮೆ ಹೋಯಿತು, ಈಗಿನ ಸ್ಥಿತಿ, ಮುಂದಿನ ಹೆಜ್ಜೆ, ಆ ಹೆಜ್ಜೆಯ ದಿನಾಂಕ, ಮತ್ತು ಕೊನೆಯಲ್ಲಿ ಅಗಲವಾದ ಒಂದು ಟಿಪ್ಪಣಿ ಕಾಲಂ. ಇವುಗಳಲ್ಲಿ ಅತ್ಯಂತ ಮುಖ್ಯವಾದದ್ದು ಕೊನೆಯಿಂದ ಎರಡನೆಯದು. ‘ಸ್ಥಿತಿ: ಅರ್ಜಿ ಹಾಕಲಾಗಿದೆ’ ಎಂಬುದು ಆಗಿಹೋದದ್ದನ್ನು ಹೇಳುತ್ತದೆಯೇ ಹೊರತು ಮಾಡಬೇಕಾದದ್ದನ್ನು ಹೇಳುವುದಿಲ್ಲ. ‘ಮುಂದಿನ ಹೆಜ್ಜೆ: ಶಿಫಾರಸು (ರೆಫರ್) ಮಾಡಿದವರನ್ನು ವಿಚಾರಿಸುವುದು, ದಿನಾಂಕ: ಸೋಮವಾರ’ ಎಂದು ಬರೆದರೆ, ಇಡೀ ಪಟ್ಟಿಯನ್ನು ಆ ದಿನಾಂಕದ ಪ್ರಕಾರ ವಿಂಗಡಿಸಿದ ಕೂಡಲೇ ದಿನದ ಕೆಲಸ ಮೇಲೆ ಬಂದು ನಿಲ್ಲುತ್ತದೆ. ಪ್ರತಿಯೊಂದು ಜೀವಂತ ಸಾಲಿಗೂ ಮುಂದಿನ ದಿನಾಂಕ ಇರಲೇಬೇಕು. ಇಲ್ಲದಿದ್ದರೆ ಆ ಅರ್ಜಿಯನ್ನು ನೀವು ಮುಚ್ಚಿದ್ದೀರಿ ಎಂದೇ ಅರ್ಥವಾಗಬೇಕು.

ದಿನಾಂಕದ ವಿಷಯದಲ್ಲಿ ಒಂದು ಎಚ್ಚರಿಕೆ. ಎಕ್ಸೆಲ್ ದಿನಾಂಕವನ್ನು ಒಳಗೆ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ (ಸಾಮಾನ್ಯ ವ್ಯವಸ್ಥೆಯಲ್ಲಿ 1900ರ ಜನವರಿ 1 ಎಂದರೆ ಅದಕ್ಕೆ ಸಂಖ್ಯೆ 1). ಆದ್ದರಿಂದಲೇ ಇಂದಿನ ದಿನಾಂಕದಿಂದ ಅರ್ಜಿಯ ದಿನಾಂಕವನ್ನು ಕಳೆದರೆ ಎಷ್ಟು ದಿನವಾಯಿತೆಂಬುದು ನೇರವಾಗಿ ಸಿಗುತ್ತದೆ. ಆದರೆ ನೀವು ಟೈಪ್ ಮಾಡಿದ ರೂಪವು ಅದಕ್ಕೆ ಅರ್ಥವಾಗದಿದ್ದರೆ ಅದನ್ನು ಬರಿಯ ಪಠ್ಯವೆಂದು ಇಟ್ಟುಕೊಂಡು ಸುಮ್ಮನಾಗುತ್ತದೆ, ಆಗ ವಿಂಗಡಣೆಯೂ ಲೆಕ್ಕವೂ ಕೆಡುತ್ತವೆ. ಇದನ್ನು ಕಣ್ಣಿನಿಂದಲೇ ಪತ್ತೆ ಹಚ್ಚಬಹುದು: ಜೋಡಣೆಯನ್ನು ಬದಲಿಸದಿದ್ದರೆ ನಿಜವಾದ ದಿನಾಂಕವು ಕೋಶದ ಬಲಬದಿಗೆ ನಿಲ್ಲುತ್ತದೆ, ಪಠ್ಯವಾದದ್ದು ಎಡಬದಿಗೆ ಅಂಟಿಕೊಳ್ಳುತ್ತದೆ. 03/04 ಎಂದು ಬರೆದರೆ ಅದು ಮಾರ್ಚ್ ನಾಲ್ಕೋ ಏಪ್ರಿಲ್ ಮೂರೋ ಎಂಬುದು ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್‌ಗೆ ಬಿಟ್ಟದ್ದು. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುವುದನ್ನು ರೂಢಿ ಮಾಡಿಕೊಂಡರೆ ಈ ಗೊಂದಲವೇ ಇರುವುದಿಲ್ಲ.

ಸ್ಥಿತಿಯ ಕಾಲಂನಲ್ಲಿ ಮನಸ್ಸಿಗೆ ಬಂದದ್ದನ್ನು ಬರೆಯಲು ಅವಕಾಶ ಕೊಡಬೇಡಿ. ಒಮ್ಮೆ ‘ಕಳುಹಿಸಿದೆ’, ಇನ್ನೊಮ್ಮೆ ‘ಹಾಕಲಾಗಿದೆ’ ಎಂದು ಬರೆದರೆ ಫಿಲ್ಟರ್ ಅವುಗಳನ್ನು ಬೇರೆ ಬೇರೆ ಎಂದೇ ತಿಳಿಯುತ್ತದೆ. ಕೋಶದಲ್ಲಿ ಏನನ್ನು ಬರೆಯಬಹುದೆಂದು ಮಿತಿ ಹಾಕುವ ಎಕ್ಸೆಲ್‌ನ ಡೇಟಾ ವ್ಯಾಲಿಡೇಶನ್ ಸೌಲಭ್ಯ ಬಳಸಿ ನಾಲ್ಕೈದು ಪದಗಳ ಆಯ್ಕೆಪಟ್ಟಿಯನ್ನು ಕೊಡಿ. ಹಾಕಿದೆ, ಮಾತುಕತೆಯಲ್ಲಿದೆ, ಆಫರ್ ಬಂದಿದೆ, ತಿರಸ್ಕೃತ, ಮೌನ. ಇಷ್ಟು ಸಾಕು.

ಪ್ರಕಟಣೆ ಮಾಯವಾಗುವುದು ಎಲ್ಲರಿಗೂ ಆಗುವ ಅನುಭವ. ಹುದ್ದೆಗೆ ಅರ್ಜಿಗಳು ಸಾಕಾದ ಮೇಲೆ ಪುಟವನ್ನು ತೆಗೆಯುತ್ತಾರೆ, ಸಂದರ್ಶನಗಳು ಶುರುವಾಗುವುದು ಅನೇಕ ವೇಳೆ ಅದರ ನಂತರವೇ. ಅಂದರೆ ಅದನ್ನು ಓದಬೇಕಾದ ಹೊತ್ತಿಗೆ ಅದು ಅಲ್ಲಿರುವುದಿಲ್ಲ. ಆದ್ದರಿಂದ ಕೊಂಡಿಯನ್ನು ನಂಬದೆ, ಅರ್ಜಿ ಸಲ್ಲಿಸುವ ಮೊದಲು ಬ್ರೌಸರ್‌ನ ಪ್ರಿಂಟ್ ಆಯ್ಕೆಯಿಂದ ಇಡೀ ಪುಟವನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳಿ. ಅದೇ ಫೋಲ್ಡರ್‌ನಲ್ಲಿ ಅವರಿಗೆ ಕಳುಹಿಸಿದ ರೆಸ್ಯೂಮೆಯ ಪ್ರತಿಯನ್ನೂ ಮುಖಪತ್ರವನ್ನೂ ಇಡಿ. ಫೋಲ್ಡರ್‌ಗೆ ದಿನಾಂಕ, ಕಂಪನಿ, ಹುದ್ದೆ ಎಂಬ ಕ್ರಮದಲ್ಲಿ ಹೆಸರಿಟ್ಟರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಅರ್ಜಿ ನಮೂನೆಯಲ್ಲಿ ‘ನಮ್ಮಲ್ಲೇ ಏಕೆ ಕೆಲಸ ಮಾಡಬಯಸುತ್ತೀರಿ’ ಎಂಬಂತಹ ಪ್ರಶ್ನೆಗಳಿದ್ದರೆ, ನೀವು ಕೊಟ್ಟ ಉತ್ತರವನ್ನು ಸಲ್ಲಿಸುವ ಗುಂಡಿ ಒತ್ತುವ ಮೊದಲೇ ನಕಲು ಮಾಡಿಟ್ಟುಕೊಳ್ಳಿ. ಹಲವು ಜಾಲತಾಣಗಳು ಸಲ್ಲಿಸಿದ ನಂತರ ಅದನ್ನು ನಿಮಗೆ ಮತ್ತೆ ತೋರಿಸುವುದಿಲ್ಲ, ಸಂದರ್ಶಕರ ಮುಂದೆ ಮಾತ್ರ ಅದು ತೆರೆದಿರುತ್ತದೆ.

ಉತ್ತರ: ನೇಮಕಾತಿ ಮೇಜು

ನಾನು ಹಲವು ವರ್ಷ ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡಿದವಳು. ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಮೇಜಿನ ಈಚೆ ಬದಿಯಿಂದ ಕಾಣುವ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಮೊದಲನೆಯದಾಗಿ, ‘ಯಾವ ದಾರಿಯಿಂದ ಹೋಯಿತು’ ಎಂಬ ಕಾಲಂ ಬರಿಯ ಅಂಕಿಅಂಶಕ್ಕಾಗಿ ಇರುವುದಲ್ಲ. ಏಜೆನ್ಸಿಯೊಂದು ನಿಮ್ಮ ರೆಸ್ಯೂಮೆಯನ್ನು ಕಂಪನಿಗೆ ಸಲ್ಲಿಸಿ ನೀವು ಆಯ್ಕೆಯಾದರೆ, ಕಂಪನಿ ಆ ಏಜೆನ್ಸಿಗೆ ಶುಲ್ಕ ಕೊಡಬೇಕಾಗುತ್ತದೆ. ಒಂದೇ ಹುದ್ದೆಗೆ ಎರಡು ಏಜೆನ್ಸಿಗಳಿಂದ ಒಬ್ಬನೇ ಅಭ್ಯರ್ಥಿಯ ಹೆಸರು ಬಂದರೆ, ಅಥವಾ ನೀವು ನೇರವಾಗಿ ಅರ್ಜಿ ಹಾಕಿದ ಮೇಲೆ ಏಜೆನ್ಸಿಯೂ ಕಳುಹಿಸಿದರೆ, ಶುಲ್ಕ ಯಾರಿಗೆ ಸಲ್ಲಬೇಕು ಎಂಬ ತಕರಾರು ಏಳುತ್ತದೆ. ಆ ತಕರಾರಿನಲ್ಲಿ ಸಿಕ್ಕಿಕೊಳ್ಳಲು ಇಷ್ಟವಿಲ್ಲದ ಕಂಪನಿಗಳು ಅಭ್ಯರ್ಥಿಯನ್ನೇ ಕೈಬಿಡುವುದುಂಟು. ಅಭ್ಯರ್ಥಿಗೆ ಇದರ ಸುಳಿವೂ ಸಿಗುವುದಿಲ್ಲ. ಆದ್ದರಿಂದ ಏಜೆನ್ಸಿಯವರು ಕರೆ ಮಾಡಿ ‘ಒಂದು ಒಳ್ಳೆಯ ಅವಕಾಶವಿದೆ, ರೆಸ್ಯೂಮೆ ಕಳುಹಿಸಿ’ ಎಂದಾಗ, ಕಂಪನಿ ಯಾವುದು, ಹುದ್ದೆ ಯಾವುದು ಎಂದು ಕೇಳಿ, ಪಟ್ಟಿಯಲ್ಲಿ ಹುಡುಕಿ, ಆ ಹೆಸರು ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಮಾತ್ರ ಒಪ್ಪಿಗೆ ಕೊಡಿ. ಒಪ್ಪಿಗೆಯನ್ನು ಇಮೇಲ್‌ನಲ್ಲೇ ಕೊಡಿ, ದಿನಾಂಕವನ್ನು ಟಿಪ್ಪಣಿಯಲ್ಲಿ ಬರೆಯಿರಿ. ಕಂಪನಿಯ ಹೆಸರನ್ನೇ ಹೇಳಲೊಲ್ಲದ ಏಜೆನ್ಸಿಗೆ, ಹೆಸರು ತಿಳಿಸುವವರೆಗೂ ನನ್ನ ರೆಸ್ಯೂಮೆಯನ್ನು ಎಲ್ಲಿಗೂ ಕಳುಹಿಸಬೇಡಿ ಎಂದು ಸ್ಪಷ್ಟವಾಗಿ ಬರೆದು ತಿಳಿಸುವುದರಲ್ಲಿ ತಪ್ಪೇನೂ ಇಲ್ಲ.

ಎರಡನೆಯದು, ಪ್ರಕಟಣೆಯಲ್ಲಿರುವ ಹುದ್ದೆಯ ಕ್ರಮಸಂಖ್ಯೆ. ಅದನ್ನು ಹೆಚ್ಚಿನವರು ಬರೆದುಕೊಳ್ಳುವುದಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ‘ಡೇಟಾ ಅನಲಿಸ್ಟ್’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ತಂಡಗಳ ಹಲವು ಹುದ್ದೆಗಳು ಒಟ್ಟಿಗೆ ತೆರೆದಿರುತ್ತವೆ. ನೀವು ವಿಚಾರಿಸಿ ಇಮೇಲ್ ಬರೆಯುವಾಗ ಆ ಸಂಖ್ಯೆ ವಿಷಯದ ಸಾಲಿನಲ್ಲಿದ್ದರೆ, ಓದುವವರು ನಿಮ್ಮ ಅರ್ಜಿಯನ್ನು ಹುಡುಕಲು ತಡಕಾಡಬೇಕಾಗಿಲ್ಲ. ಒಳಗಿನವರಿಂದ ರೆಫರಲ್ ಕೇಳುವಾಗಲೂ ಮೊದಲು ಬೇಕಾಗುವುದು ಅದೇ ಸಂಖ್ಯೆ. ಬಹಳ ಕಡೆ ರೆಫರಲ್ ದಾಖಲಾಗುವ ಮೊದಲೇ ಅರ್ಜಿ ಹಾಕಿಬಿಟ್ಟರೆ ಅದು ನಿಮ್ಮ ಅರ್ಜಿಗೆ ಜೋಡಣೆಯಾಗುವುದಿಲ್ಲ. ಹಾಗಾಗಿ ರೆಫರಲ್ ಸಿಗುವ ಸಾಧ್ಯತೆಯಿರುವ ಹುದ್ದೆಗಳನ್ನು ‘ಇನ್ನೂ ಹಾಕಿಲ್ಲ, ರೆಫರಲ್ ಕಾಯುತ್ತಿದೆ’ ಎಂದು ಪ್ರತ್ಯೇಕವಾಗಿ ಗುರುತಿಸಿಡಿ.

ಮೂರನೆಯದು, ಸಂಬಳದ ವಿಚಾರ. ಮೊದಲ ಫೋನ್ ಕರೆಯಲ್ಲಿ ನೀವು ಹೇಳಿದ ನಿರೀಕ್ಷೆಯ ಅಂಕಿಯನ್ನು ನಾವು ಆಗಲೇ ದಾಖಲಿಸಿಕೊಳ್ಳುತ್ತೇವೆ. ವಾರಗಳ ನಂತರ ಮೂರನೆಯ ಸುತ್ತಿನಲ್ಲಿ ನೀವು ಬೇರೆ ಅಂಕಿ ಹೇಳಿದರೆ ಎರಡೂ ಪಕ್ಕಪಕ್ಕದಲ್ಲಿ ಕಾಣುತ್ತವೆ. ನಿರೀಕ್ಷೆಯನ್ನು ಬದಲಿಸಬಾರದೆಂದಲ್ಲ. ಬದಲಿಸುತ್ತಿದ್ದೇನೆ ಎಂಬ ಅರಿವಿನಿಂದ, ಕಾರಣ ಕೊಟ್ಟು ಬದಲಿಸಬೇಕು. ಯಾರಿಗೆ ಎಷ್ಟು ಹೇಳಿದೆ, ಅದು ಮೂಲ ಸಂಬಳವೋ ಎಲ್ಲ ಭತ್ಯೆಗಳೂ ಸೇರಿದ ಮೊತ್ತವೋ, ಯಾವಾಗ ಸೇರಬಲ್ಲೆ ಎಂದೆ, ಯಾರೊಂದಿಗೆ ಮಾತನಾಡಿದೆ ಎಂಬ ವಿವರಗಳು ಫೋನ್ ಇಟ್ಟ ಕೂಡಲೇ ಟಿಪ್ಪಣಿಗೆ ಹೋಗಬೇಕು. ಸಂಜೆ ಬರೆದರಾಯಿತು ಎಂದು ಬಿಟ್ಟರೆ ಅಂಕಿ ನೆನಪಿದ್ದರೂ ಅದರ ಜೊತೆಗೆ ಹೇಳಿದ ಷರತ್ತು ಮರೆತಿರುತ್ತದೆ.

ಇನ್ನು, ಜಾಲತಾಣದಲ್ಲಿ ಕಾಣುವ ‘ಪರಿಶೀಲನೆಯಲ್ಲಿದೆ’ ಎಂಬ ಸ್ಥಿತಿಯನ್ನು ದಿನಾ ನೋಡುತ್ತಾ ಕೂರಬೇಡಿ. ಅರ್ಜಿಗಳನ್ನು ನಿಭಾಯಿಸುವ ತಂತ್ರಾಂಶಗಳಲ್ಲಿ ಒಳಗೆ ಹಲವು ಹಂತಗಳಿರುತ್ತವೆ, ಅಭ್ಯರ್ಥಿಗೆ ಯಾವ ಹಂತದಲ್ಲಿ ಯಾವ ಮಾತು ಕಾಣಬೇಕೆಂಬುದನ್ನು ಕಂಪನಿಯೇ ನಿಗದಿ ಮಾಡುತ್ತದೆ. ಒಳಗಿನ ಹಲವು ಹಂತಗಳು ಹೊರಗೆ ಒಂದೇ ಮಾತಾಗಿ ಕಾಣುವುದು ಸಾಮಾನ್ಯ. ಆಯ್ಕೆಯಾದವರು ಆಫರ್ ಒಪ್ಪಿಕೊಂಡ ಮೇಲಷ್ಟೇ ಉಳಿದವರಿಗೆಲ್ಲ ಒಟ್ಟಿಗೆ ‘ವಿಷಾದಿಸುತ್ತೇವೆ’ ಎಂಬ ಇಮೇಲ್ ಹೋಗುವ ಪದ್ಧತಿಯೂ ಅನೇಕ ಕಡೆ ಇದೆ. ಆದ್ದರಿಂದ ನಿಮ್ಮ ಪಟ್ಟಿಯ ಸ್ಥಿತಿಯು ಅವರ ಪುಟದ ನಕಲಾಗದೆ ನಿಮ್ಮ ತೀರ್ಮಾನವಾಗಿರಲಿ.

ಎಷ್ಟು ಕಾಲ ಕಾಯಬೇಕು ಎಂದು ಕೇಳಿದ್ದೀರಿ. ಸಂದರ್ಶನವಾಗಿದ್ದರೆ ಅವರು ಹೇಳಿದ ಗಡುವು ಮುಗಿದು ಒಂದೆರಡು ಕೆಲಸದ ದಿನಗಳಾದ ಮೇಲೆ ವಿಚಾರಿಸಿ. ಗಡುವು ಹೇಳದಿದ್ದರೆ ಒಂದು ವಾರ. ಬರಿಯ ಅರ್ಜಿಯಾಗಿದ್ದು ಬರೆಯಲು ಯಾರದಾದರೂ ವಿಳಾಸವಿದ್ದರೆ, ಎರಡು ವಾರಗಳ ನಂತರ ಒಮ್ಮೆ ಬರೆಯಿರಿ. ಅದಕ್ಕೂ ಉತ್ತರವಿಲ್ಲದಿದ್ದರೆ ‘ಮೌನ’ ಎಂದು ಗುರುತಿಸಿ ಮುಂದಿನ ದಿನಾಂಕವನ್ನು ಅಳಿಸಿಬಿಡಿ. ಆ ಸಾಲು ಮತ್ತೆ ಜೀವ ಪಡೆಯಬಾರದೆಂದೇನೂ ಇಲ್ಲ, ನಾವೇ ಎರಡು ತಿಂಗಳ ನಂತರ ಕರೆ ಮಾಡಿದ ಪ್ರಸಂಗಗಳಿವೆ. ಆದರೆ ಅದನ್ನು ಕಾಯುವ ಕೆಲಸ ನಿಮ್ಮದಲ್ಲ.

ಉತ್ತರ: ಅಂಚೆಪೆಟ್ಟಿಗೆ

ನನಗೆ ಇಷ್ಟೆಲ್ಲ ಬೇಕೆನಿಸುವುದಿಲ್ಲ. ಅರ್ಜಿ ಹಾಕಿದರೆ ಖಚಿತಪಡಿಸುವ ಇಮೇಲ್ ಬಂದೇ ಬರುತ್ತದೆ. ಅದಕ್ಕೊಂದು ಲೇಬಲ್ ಹಚ್ಚಿದರೆ ಇಮೇಲ್ ಪೆಟ್ಟಿಗೆಯೇ ಪಟ್ಟಿಯಾಗುತ್ತದೆ. ಜಿಮೇಲ್ ಬಳಸುವವರು ವಿಳಾಸದಲ್ಲಿ ತಮ್ಮ ಬಳಕೆದಾರ ಹೆಸರಿನ ನಂತರ ಪ್ಲಸ್ ಚಿಹ್ನೆ ಹಾಕಿ ‘ಕೆಲಸ’ ಎಂಬರ್ಥದ ಒಂದು ಪದ ಸೇರಿಸಿದರೂ ಪತ್ರ ಅದೇ ಪೆಟ್ಟಿಗೆಗೆ ಬರುತ್ತದೆ. ಆ ವಿಳಾಸಕ್ಕೆ ಬಂದದ್ದನ್ನೆಲ್ಲ ಒಂದೇ ಲೇಬಲ್‌ಗೆ ಕಳುಹಿಸುವ ಫಿಲ್ಟರ್ ಬರೆದಿಟ್ಟರೆ ಮುಗಿಯಿತು. ಕೆಲವು ಅರ್ಜಿ ನಮೂನೆಗಳು ಪ್ಲಸ್ ಚಿಹ್ನೆಯಿರುವ ವಿಳಾಸವನ್ನು ಒಪ್ಪುವುದಿಲ್ಲ ಎಂಬುದೊಂದೇ ತೊಡಕು. ತಿಂಗಳಿಗೆ ನಾಲ್ಕಾರು ಅರ್ಜಿ ಹಾಕುವವರಿಗೆ ಇಷ್ಟು ಧಾರಾಳವಾಯಿತು.

ಉತ್ತರ: ಸಾಲುಪಟ್ಟಿ

ನಾಲ್ಕಾರು ಅರ್ಜಿಗಳಾದರೆ ನಾನೂ ಒಪ್ಪುತ್ತೇನೆ. ಆದರೆ ಖಚಿತಪಡಿಸುವ ಇಮೇಲ್ ಎಲ್ಲ ಕಡೆಯಿಂದಲೂ ಬರುವುದಿಲ್ಲ, ಪರಿಚಯದವರ ಮೂಲಕ ಹೋದದ್ದಕ್ಕೆ ಯಾವ ಇಮೇಲೂ ಇರುವುದಿಲ್ಲ, ಮತ್ತು ಕರೆಗಳು ಇಮೇಲ್ ಪೆಟ್ಟಿಗೆಯಲ್ಲಿ ಸೇರುವುದಿಲ್ಲ. ಲಿಂಕ್ಡ್‌ಇನ್‌ನ ಸ್ವಂತ ಪಟ್ಟಿಯಲ್ಲೂ ಇದೇ ಕೊರತೆ. ಅಲ್ಲಿಂದ ಕಂಪನಿಯ ಜಾಲತಾಣಕ್ಕೆ ದಾಟಿಹೋಗಿ ಅರ್ಜಿ ಹಾಕಿದಾಗ, ಮುಗಿಸಿದಿರೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ, ಮರಳಿ ಬಂದಾಗ ನಿಮ್ಮನ್ನೇ ಕೇಳುತ್ತದೆ. ನೀವು ಉತ್ತರಿಸದಿದ್ದರೆ ಪಟ್ಟಿಯಲ್ಲಿ ಅದು ಇಲ್ಲ.

ಫಿಲ್ಟರ್ ಬಗ್ಗೆ ಒಂದು ಮಾತು. ಸಂದರ್ಶನದ ಆಹ್ವಾನಗಳು ಅನೇಕ ವೇಳೆ ಕಂಪನಿಯ ವಿಳಾಸದಿಂದ ಬರದೆ ತಂತ್ರಾಂಶ ಒದಗಿಸುವವರ ವಿಳಾಸದಿಂದ ಬರುತ್ತವೆ, ಹಾಗಾಗಿ ಸ್ಪ್ಯಾಮ್ ಫೋಲ್ಡರ್‌ಗೆ ಬೀಳುವ ಸಂಭವ ಹೆಚ್ಚು. ಹುಡುಕಾಟ ನಡೆಯುತ್ತಿರುವಷ್ಟು ದಿನ ಆ ಫೋಲ್ಡರನ್ನೂ ದಿನಕ್ಕೊಮ್ಮೆ ತೆರೆದು ನೋಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು: ಹೊಸದಾರಿ

ಎಲ್ಲರಿಗೂ ಧನ್ಯವಾದಗಳು. ಹೆಚ್ಚಿನ ಕಾಲಂಗಳನ್ನು ಅಳಿಸಿ, ಮುಂದಿನ ಹೆಜ್ಜೆಯ ದಿನಾಂಕವನ್ನು ಸೇರಿಸಿದ್ದೇನೆ. ಏಜೆನ್ಸಿಗಳ ವಿಷಯ ನನಗೆ ತಿಳಿದೇ ಇರಲಿಲ್ಲ, ಆ ಮಾಹಿತಿಗಾಗಿ ಮೇಡಂ ಅವರಿಗೆ ವಿಶೇಷವಾಗಿ ಕೃತಜ್ಞ. ಇನ್ನೊಂದು ಸಂದೇಹ ಉಳಿದಿದೆ. ನನ್ನ ವೃತ್ತಿಯೇ ವಿಶ್ಲೇಷಣೆಯಾದ್ದರಿಂದ, ಯಾವ ದಾರಿಯಿಂದ ಹೋದ ಅರ್ಜಿಗಳಿಗೆ ಹೆಚ್ಚು ಉತ್ತರ ಬರುತ್ತಿದೆ, ಎರಡು ಬಗೆಯ ರೆಸ್ಯೂಮೆಗಳಲ್ಲಿ ಯಾವುದು ಉತ್ತಮ ಎಂದು ಈ ಪಟ್ಟಿಯಿಂದಲೇ ಲೆಕ್ಕ ಹಾಕಬಹುದೇ?

ಉತ್ತರ: ಸಾಲುಪಟ್ಟಿ

ಲೆಕ್ಕ ಹಾಕಬಹುದು, ಆದರೆ ನಂಬುವ ಮುನ್ನ ಎರಡು ಕಡೆ ನಿಲ್ಲಬೇಕು. ಒಂದು ದಾರಿಯಿಂದ ಹೋದ 10 ಅರ್ಜಿಗಳಲ್ಲಿ 1ಕ್ಕೆ, ಇನ್ನೊಂದು ದಾರಿಯಿಂದ ಹೋದ 40ರಲ್ಲಿ 3ಕ್ಕೆ ಉತ್ತರ ಬಂದಿದೆ ಎಂದಿಟ್ಟುಕೊಳ್ಳಿ. ಶೇಕಡಾವಾರು ನೋಡಿದರೆ 10 ಮತ್ತು 7.5, ಮೊದಲನೆಯದೇ ಮೇಲೆಂದು ತೋರುತ್ತದೆ. ಆದರೆ ಆ ಒಬ್ಬರು ಉತ್ತರಿಸದೇ ಹೋಗಿದ್ದರೆ ಅದು ಸೊನ್ನೆ, ಇನ್ನೊಬ್ಬರೂ ಉತ್ತರಿಸಿದ್ದರೆ 20. ಇಷ್ಟು ಅಲುಗಾಡುವ ಅಂಕಿಯ ಮೇಲೆ ಒಂದು ದಾರಿಯನ್ನೇ ಮುಚ್ಚಿಬಿಡುವ ತೀರ್ಮಾನ ಮಾಡಬಾರದು. ಎರಡನೆಯದಾಗಿ, ಕಳೆದ ವಾರ ಹಾಕಿದ ಅರ್ಜಿಗೆ ಉತ್ತರ ಬರಲು ಇನ್ನೂ ಕಾಲವೇ ಆಗಿಲ್ಲ. ಅದನ್ನು ‘ಉತ್ತರವಿಲ್ಲ’ ಎಂಬ ಗುಂಪಿಗೆ ಸೇರಿಸಿದರೆ, ನೀವು ಇತ್ತೀಚೆಗೆ ಬಳಸಲು ಆರಂಭಿಸಿದ ರೆಸ್ಯೂಮೆ ಅದು ಎಷ್ಟೇ ಚೆನ್ನಾಗಿದ್ದರೂ ಕಳಪೆಯೆಂದೇ ಕಾಣುತ್ತದೆ. ಕನಿಷ್ಠ ಮೂರು ನಾಲ್ಕು ವಾರ ಹಳೆಯದಾದ ಸಾಲುಗಳನ್ನು ಮಾತ್ರ ಎಣಿಸಿ, ಮತ್ತು ತಾನೇ ತಾನಾಗಿ ಬರುವ ಖಚಿತಪಡಿಕೆಯ ಇಮೇಲನ್ನು ಉತ್ತರವೆಂದು ಎಣಿಸಬೇಡಿ.

ರೆಸ್ಯೂಮೆಗಳ ಹೋಲಿಕೆ ಇನ್ನೂ ಕಷ್ಟ. ನೀವು ಒಂದನ್ನು ಒಂದು ಬಗೆಯ ಹುದ್ದೆಗೆ, ಇನ್ನೊಂದನ್ನು ಮತ್ತೊಂದು ಬಗೆಯ ಹುದ್ದೆಗೆ ಕಳುಹಿಸಿರುತ್ತೀರಿ. ಹಾಗಾಗಿ ವ್ಯತ್ಯಾಸ ಕಂಡರೂ ಅದು ರೆಸ್ಯೂಮೆಯದೋ ಹುದ್ದೆಯದೋ ತಿಳಿಯದು. ಪಟ್ಟಿಯಿಂದ ಧೈರ್ಯವಾಗಿ ಓದಬಹುದಾದದ್ದು ಅರ್ಜಿಗಳು ಎಲ್ಲಿ ನಿಲ್ಲುತ್ತಿವೆ ಎಂಬುದು. ಮೊದಲ ಕರೆಯೇ ಬರುತ್ತಿಲ್ಲವಾದರೆ ಹುದ್ದೆಗಳ ಆಯ್ಕೆಯನ್ನೂ ರೆಸ್ಯೂಮೆಯನ್ನೂ ಮತ್ತೆ ನೋಡಬೇಕು. ಕರೆಗಳು ಬಂದು ಎರಡನೆಯ ಸುತ್ತಿನಲ್ಲಿ ನಿಲ್ಲುತ್ತಿದ್ದರೆ ರೆಸ್ಯೂಮೆಯನ್ನು ಹನ್ನೊಂದನೆಯ ಬಾರಿ ತಿದ್ದುವುದರಿಂದ ಪ್ರಯೋಜನವಿಲ್ಲ, ಸಂದರ್ಶನದ ತಯಾರಿಗೆ ಆ ಸಮಯವನ್ನು ಕೊಡಬೇಕು.

ಉತ್ತರ: ನೇಮಕಾತಿ ಮೇಜು

ಇದಕ್ಕೆ ಸೇರಿಸಬೇಕಾದ ಒಂದು ವಿಷಯ ಬಿಟ್ಟುಹೋಗಿತ್ತು. ಆಫರ್ ಒಪ್ಪಿ ಸಹಿ ಹಾಕಿದ ದಿನ, ‘ಮಾತುಕತೆಯಲ್ಲಿದೆ’ ಎಂದಿರುವ ಸಾಲುಗಳನ್ನು ಫಿಲ್ಟರ್ ಮಾಡಿ, ಅವರೆಲ್ಲರಿಗೂ ಅರ್ಜಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ಎರಡು ಸಾಲು ಬರೆಯಿರಿ. ಕಾರಣವನ್ನು ವಿವರಿಸಬೇಕಾಗಿಲ್ಲ. ಹಾಗೆ ತಿಳಿಸಿದವರನ್ನು ನಾವು ನೆನಪಿಟ್ಟುಕೊಳ್ಳುತ್ತಿದ್ದೆವು, ಮುಂದೆ ಇನ್ನೊಂದು ಹುದ್ದೆ ತೆರೆದಾಗ ಅವರಿಗೆ ನೇರವಾಗಿ ಕರೆ ಮಾಡಿದ್ದೂ ಇದೆ. ಆದರೆ ಪಟ್ಟಿಯನ್ನು ಅಂದೇ ಅಳಿಸಬೇಡಿ. ಹೊಸ ಕೆಲಸಕ್ಕೆ ಸೇರುವ ಮೊದಲು ಆಫರ್ ಮುಂದಕ್ಕೆ ಹೋಗುವುದೂ ರದ್ದಾಗುವುದೂ ಉಂಟು. ಆ ಫೋಲ್ಡರ್‌ನಲ್ಲಿ ನಿಮ್ಮ ಸಂಬಳದ ವಿವರ, ಇತರರ ಫೋನ್ ಸಂಖ್ಯೆ ಎಲ್ಲ ಇರುವುದರಿಂದ ಅದು ಈಗಿನ ಕಚೇರಿಯ ಕಂಪ್ಯೂಟರಿನಲ್ಲಾಗಲಿ ಕಚೇರಿಯ ಖಾತೆಯಲ್ಲಾಗಲಿ ಇರದೆ ನಿಮ್ಮ ಸ್ವಂತ ಖಾತೆಯಲ್ಲೇ ಇರಲಿ.